ಶುಕ್ರವಾರದ ದೀಪ, ಶ್ರೀರಂಗಪಟ್ಟಣದ ಸೆರೆ

ಶ್ರೀರಂಗಪಟ್ಟಣಕ್ಕೆ ಬರುವ ಪ್ರವಾಸಿಗರ ದಾರಿ ಹೆಚ್ಚುಕಡಿಮೆ ಒಂದೇ. ರಂಗನಾಥನ ದರ್ಶನ, ಕರ್ನಲ್ ಬೇಲಿ ಬಂದೀಖಾನೆ, ಟಿಪ್ಪು ಬಿದ್ದ ಜಾಗ, ದರಿಯಾ ದೌಲತ್, ಗುಂಬಜ್, ಆಮೇಲೆ ಸಂಗಮ. ಬಂದೀಖಾನೆಗೆ ಇಳಿದವರು ಗೋಡೆಯಿಂದ ಹೊರಚಾಚಿದ ಕಲ್ಲುಗಳನ್ನು ಮುಟ್ಟಿ ನೋಡುತ್ತಾರೆ, ಕೈದಿಗಳನ್ನು ಇದಕ್ಕೇ ಕಟ್ಟುತ್ತಿದ್ದರಂತೆ ಎಂದು ಮಕ್ಕಳಿಗೆ ಹೇಳುತ್ತಾರೆ, ಫೋಟೊ ತೆಗೆದುಕೊಂಡು ಮೇಲೆ ಬರುತ್ತಾರೆ. ಅವರಿಗೆ ಅಲ್ಲಿ ನೆನಪಾಗುವುದು ಇಂಗ್ಲಿಷ್ ಅಧಿಕಾರಿಗಳು. 1780ರ ಪೊಳ್ಳಿಲೂರು ಕಾಳಗದಲ್ಲಿ ಸಿಕ್ಕಿಬಿದ್ದ ಬೇಲಿ, ಎರಡು ವರ್ಷ ಸೆರೆಯಲ್ಲಿದ್ದು 1782ರಲ್ಲಿ ಇಲ್ಲೇ ತೀರಿಕೊಂಡ. ಅವನ ಹೆಸರು ಬಂದೀಖಾನೆಗೆ ಉಳಿಯಿತು.

ಆದರೆ ಆ ದಶಕದಲ್ಲಿ ಮೈಸೂರಿನ ಸೆರೆ ಕಂಡವರಲ್ಲಿ ಇಂಗ್ಲಿಷರಲ್ಲದವರೇ ಬಹಳ. ಅವರಲ್ಲಿ ಎರಡು ಜನಾಂಗಗಳ ಕಥೆ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಒಂದು, ಕರಾವಳಿಯಿಂದ ಘಟ್ಟ ಹತ್ತಿಸಿ ತಂದ ಕೊಂಕಣಿ ಮಾತಿನ ಕ್ಯಾಥೋಲಿಕರದು. ಇನ್ನೊಂದು, ಇಂಗ್ಲಿಷ್ ಕಂಪನಿಯ ಮುಂಬೈ ದಂಡಿನಲ್ಲಿ ಸಿಪಾಯಿಗಳಾಗಿದ್ದ ಯಹೂದಿಗಳದು. ಯುರೋಪಿನಲ್ಲಿ ಸಾವಿರ ವರ್ಷ ಒಂದು ಕೈ ಮೇಲೆ, ಇನ್ನೊಂದು ಕೈ ಕೆಳಗೆ ಎಂಬಂತೆ ಬಾಳಿದ ಎರಡು ಧರ್ಮಗಳವರು ಇಲ್ಲಿ ಒಬ್ಬನೇ ಅರಸನ ಬಂದಿಗಳಾಗಿದ್ದರು. ಕ್ಯಾಥೋಲಿಕರು ಮತ್ತು ಯಹೂದಿಗಳ ನಡುವಿನ ಕಹಿ ಚರಿತ್ರೆಯನ್ನು ರೋಮಿನಿಂದ ಶುರುಮಾಡುವುದು ವಾಡಿಕೆ. ನಾನು ಕಾವೇರಿಯ ಈ ನಡುಗಡ್ಡೆಯಿಂದ ಶುರುಮಾಡುತ್ತೇನೆ. ಆ ಚರಿತ್ರೆಯ ಮುಖ್ಯ ಪ್ರಶ್ನೆಗೆ ರೋಮು ಕೊಡಲು ತಡಮಾಡಿದ ಉತ್ತರ ಇಲ್ಲಿ 1799ರಲ್ಲೇ ಸಿಕ್ಕಿತ್ತು ಎಂಬುದು ನನ್ನ ನಂಬಿಕೆ.

ಮೊದಲು ಯಹೂದಿಗಳ ಕಥೆ. ಮುಂಬೈಯ ದಕ್ಷಿಣದ ಕೊಂಕಣ ತೀರದ ಹಳ್ಳಿಗಳಲ್ಲಿ ಶತಮಾನಗಳಿಂದ ಎಣ್ಣೆ ಗಾಣ ಆಡಿಸಿಕೊಂಡಿದ್ದ ಒಂದು ಸಮುದಾಯ ಬೆನೆ ಇಸ್ರೇಲ್. ಮರಾಠಿ ಮಾತಾಡುತ್ತಿದ್ದರು, ಊರಿನ ಹೆಸರಿಗೆ ‘ಕರ್’ ಸೇರಿಸಿ ಮನೆತನದ ಹೆಸರು ಇಟ್ಟುಕೊಂಡಿದ್ದರು. ಹೀಬ್ರೂ ಹೆಚ್ಚುಕಡಿಮೆ ಮರೆತುಹೋಗಿತ್ತು. ಯಹೂದಿಗಳ ವಿಶ್ರಾಂತಿಯ ದಿನವಾದ ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲ. ಸುತ್ತಲಿನವರು ಅವರನ್ನು ‘ಶನಿವಾರ ತೇಲಿ’ಗಳು, ಅಂದರೆ ಶನಿವಾರ ಬಿಡುವು ಮಾಡುವ ಗಾಣಿಗರು, ಎಂದು ಗುರುತಿಸಿದರು. ಅದರಲ್ಲಿ ಹಗೆ ಇರಲಿಲ್ಲ. ಒಂದೊಂದು ಜಾತಿಗೆ ಒಂದೊಂದು ಕಟ್ಟಳೆ, ಇವರದು ಇದು ಎಂದು ಊರು ಒಪ್ಪಿಕೊಂಡಿತ್ತು. ಹದಿನೆಂಟನೇ ಶತಮಾನದಲ್ಲಿ ಈ ಸಮುದಾಯದ ಗಂಡಸರು ಮುಂಬೈಗೆ ಬಂದು ಕಂಪನಿಯ ದಂಡು ಸೇರಿದರು. ಅವರಲ್ಲೊಬ್ಬ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್. ಅವನ ಕಡೆಯ ಜನ ಕೂಗುವ ಹಾಗೆ ಅವನ ಹೆಸರು ಸಾಮಾಜಿ ಹಸಾಜಿ.

ಎರಡನೇ ಮೈಸೂರು ಯುದ್ಧದಲ್ಲಿ ದಿವೇಕರ್ ಟಿಪ್ಪುವಿನ ಸೆರೆಗೆ ಸಿಕ್ಕ. ಮುಂದಿನದನ್ನು ಬೆನೆ ಇಸ್ರೇಲರು ತಲೆತಲಾಂತರದಿಂದ ಹೀಗೆ ಹೇಳಿಕೊಂಡು ಬಂದಿದ್ದಾರೆ: ಸೆರೆಯಾಳುಗಳನ್ನು ಅರಸನ ಎದುರು ನಿಲ್ಲಿಸಿ ನೀವು ಯಾವ ಜನ ಎಂದು ಕೇಳಿದಾಗ ದಿವೇಕರ್ ‘ಬೆನೆ ಇಸ್ರೇಲ್’ ಎಂದ. ಆ ಮಾತು ಟಿಪ್ಪುವಿನ ತಾಯಿಯ ಕಿವಿಗೆ ಬಿತ್ತು. ಕುರಾನಿನಲ್ಲಿ ಮತ್ತೆ ಮತ್ತೆ ಬರುವ ‘ಬನೀ ಇಸ್ರಾಯೀಲ್’ ಎಂಬ ಹೆಸರಿನ ಜನ ಇವರೇ ಏನು, ಕಣ್ಣಾರೆ ಕಂಡೆನಲ್ಲ ಎಂದು ಆಕೆ ಬೆರಗಾದಳು. ಅವರ ಜೀವ ಉಳಿಸು ಎಂದು ಮಗನನ್ನು ಕೇಳಿಕೊಂಡಳು. ಬದುಕಿ ಊರಿಗೆ ಮರಳಿದರೆ ದೇವರಿಗೆ ಒಂದು ಮಂದಿರ ಕಟ್ಟುತ್ತೇನೆ ಎಂದು ದಿವೇಕರ್ ಹರಕೆ ಹೊತ್ತಿದ್ದ. ಅದನ್ನು ತೀರಿಸಿದ. 1796ರಲ್ಲಿ ಮುಂಬೈಯ ಮಾಂಡ್ವಿಯಲ್ಲಿ ಆ ನಗರದ ಮೊದಲ ಸಿನಗಾಗ್ ಎದ್ದಿತು. ಅದಕ್ಕೆ ಈಗಿರುವ ಹೆಸರಿನ ಅರ್ಥ ‘ಕರುಣೆಯ ಬಾಗಿಲು’. ಬೀದಿಗೆ ಸ್ಯಾಮ್ಯುಯೆಲ್ ಬೀದಿ ಎಂದು ಹೆಸರಾಯಿತು. ಮಂದಿರಕ್ಕೆ ಧರ್ಮಗ್ರಂಥದ ಸುರುಳಿಗಳನ್ನು ತರಲು ಕೊಚ್ಚಿಗೆ ಹೋದ ದಿವೇಕರ್ 1797ರಲ್ಲಿ ಅಲ್ಲೇ ತೀರಿಕೊಂಡ.

ತಾಯಿಯ ಕಥೆಗೆ ಕಾಗದದ ಸಾಕ್ಷಿ ಕೇಳುವವರು ಕೇಳಲಿ. ಸೆರೆ ನಿಜ, ಬಿಡುಗಡೆ ನಿಜ, ಮಾಂಡ್ವಿಯ ಮಂದಿರ ಇವತ್ತಿಗೂ ನಿಂತಿದೆ. ಒಂದು ಪುಟ್ಟ ಸಮುದಾಯ ತನ್ನ ಮೊದಲ ಮಂದಿರದ ಮೂಲವನ್ನು ಒಬ್ಬ ಮುಸ್ಲಿಂ ತಾಯಿಯ ಕರುಣೆಯಲ್ಲಿ ಇಟ್ಟು ಇನ್ನೂರು ವರ್ಷ ಹೇಳಿಕೊಂಡು ಬಂದಿದೆ ಎಂಬುದಕ್ಕೇ ಒಂದು ತೂಕವಿದೆ.

ಅದೇ ಅರಸನ ಅದೇ ಕಾಲದ ಇನ್ನೊಂದು ಸೆರೆಯಲ್ಲಿ ಇಂಥ ಕರುಣೆ ಕಾಣಲಿಲ್ಲ. 1784ರ ಫೆಬ್ರವರಿ ಕೊನೆಯ ವಾರ, ಕ್ಯಾಥೋಲಿಕರು ಹಣೆಗೆ ಬೂದಿ ಹಚ್ಚಿಸಿಕೊಂಡು ಉಪವಾಸದ ಕಾಲ ಆರಂಭಿಸುವ ವಿಭೂತಿ ಬುಧವಾರ, ಕೆನರಾದ ಉದ್ದಗಲಕ್ಕೂ ಅವರನ್ನು ಹಿಡಿದರು. ಮಂಗಳೂರಿನ ಮುತ್ತಿಗೆಯಲ್ಲಿ ಇಂಗ್ಲಿಷರಿಗೆ ನೆರವಾದರು ಎಂಬುದು ಅವರ ಮೇಲಿನ ಆರೋಪ. ಕೆಲವರು ನೆರವಾಗಿರಬಹುದು, ಶಿಕ್ಷೆ ಬಿದ್ದದ್ದು ಹಾಲುಗಲ್ಲದ ಕೂಸಿಗೂ ಸೇರಿ ಇಡೀ ಸಮುದಾಯಕ್ಕೆ. 27 ಇಗರ್ಜಿಗಳು ನೆಲಸಮವಾದವು. ಹೆಂಗಸರು, ಮುದುಕರು, ಮಕ್ಕಳು ಘಟ್ಟ ಹತ್ತಿ ಶ್ರೀರಂಗಪಟ್ಟಣದ ಕಡೆಗೆ ನಡೆದರು. ಎಷ್ಟು ಜನ ಎಂಬ ಲೆಕ್ಕ 30 ಸಾವಿರದಿಂದ 80 ಸಾವಿರದವರೆಗೆ ಒಬ್ಬೊಬ್ಬರಲ್ಲಿ ಒಂದೊಂದು. ದಾರಿಯಲ್ಲಿ, ಆಮೇಲೆ ಇಲ್ಲಿ, ಹಸಿವಿನಿಂದಲೂ ರೋಗದಿಂದಲೂ ಸತ್ತವರು ಸಾವಿರಾರು. ಗಂಡಸರಿಗೆ ಬಲವಂತದ ಸುನ್ನತಿ ಆಯಿತು, ಹರೆಯದವರು ದಂಡಿಗೆ ಸೇರಿದರು, ಹೆಸರುಗಳು ಬದಲಾದವು. ಬಿಡುಗಡೆ ಆದದ್ದು ಹದಿನೈದು ವರ್ಷದ ಮೇಲೆ, 1799ರ ಮೇ 4ರಂದು ಕೋಟೆ ಬಿದ್ದಾಗ. ಕೊಂಕಣಿಯಲ್ಲಿ ‘ಖಡಾಪ್’ ಎಂಬ ಹೆಸರಿನಿಂದ ಬರೆದ ವಿ. ಜೆ. ಪಿ. ಸಲ್ಡಾನ್ಹಾ ಈ ಸೆರೆಯನ್ನು ಕಾದಂಬರಿಗಳಿಗೆ ತಂದರು. ಮಂಗಳೂರು ಕಡೆಯ ಕ್ಯಾಥೋಲಿಕ್ ಮನೆಗಳಲ್ಲಿ ಆ ನೆನಪು ಇನ್ನೂ ಆರಿಲ್ಲ.

ನೆನಪು ಹೊರುವುದು ಈ ಸೀಮೆಗೆ ಹೊಸದಲ್ಲ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆತನಗಳು ನರಕ ಚತುರ್ದಶಿ ಆಚರಿಸುವುದಿಲ್ಲ. ತಮ್ಮ ಹಿರಿಯರು ಟಿಪ್ಪುವಿನ ಕಾಲದಲ್ಲಿ ಆ ದಿನ ಸತ್ತರು ಎಂಬ ನೆನಪನ್ನು ಅದಕ್ಕೆ ಕಾರಣವಾಗಿ ಹೇಳುತ್ತಾರೆ. ಶೃಂಗೇರಿ ಮಠಕ್ಕೆ ಕಾಣಿಕೆ ಕಳಿಸಿ, ಗುರುಗಳಿಗೆ ವಿನಯದಿಂದ ಪತ್ರ ಬರೆದವನೂ ಅದೇ ಅರಸ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳಲು ಆಗದವರು ಚರಿತ್ರೆ ಓದಬಾರದು. ಟಿಪ್ಪುವಿನ ತೀರ್ಪು ನನ್ನ ಇವತ್ತಿನ ವಿಷಯವೂ ಅಲ್ಲ. ನನ್ನ ತಕರಾರು ಬೇರೆ. ಈ ಸೆರೆಯ ಕಥೆಯನ್ನು ಎಲ್ಲರೂ 1784ರಿಂದ ಶುರುಮಾಡುತ್ತಾರೆ. ಈ ಕ್ಯಾಥೋಲಿಕರ ಹಿರಿಯರು ಗೋವಾದಿಂದ ಕೆನರಾಕ್ಕೆ ಬಂದದ್ದಾದರೂ ಏಕೆ ಎಂದು ಕೇಳುವುದಿಲ್ಲ.

ಬಂದದ್ದಕ್ಕೆ ಕಾರಣ ಹಲವು. ಬರಗಾಲ, ಸಾಂಕ್ರಾಮಿಕ ರೋಗ, ತೆರಿಗೆ, ಮರಾಠರ ದಾಳಿ. ಜೊತೆಗೆ ಗೋವಾದ ಇನ್‌ಕ್ವಿಸಿಷನ್, ಅಂದರೆ ಧರ್ಮವಿಚಾರಣೆಯ ನ್ಯಾಯಮಂಡಳಿ. ಓಡಿಬಂದವರಿಗೆ ಕೆಳದಿಯ ಅರಸರು ಭೂಮಿ ಕೊಟ್ಟರು. ಒಳ್ಳೆಯ ಬೇಸಾಯಗಾರರು ಎಂಬುದು ಅವರಿಗೆ ಸಾಕಾಗಿತ್ತು. ಆ ನ್ಯಾಯಮಂಡಳಿ ಗೋವಾಕ್ಕೆ ಬಂದದ್ದು 1560ರಲ್ಲಿ. ಬೇಕೆಂದು ಪೋರ್ಚುಗಲ್ಲಿನ ದೊರೆಗೆ ಮೊದಲೇ ಪತ್ರ ಬರೆದವರು ಸಂತ ಫ್ರಾನ್ಸಿಸ್ ಕ್ಸೇವಿಯರ್. ಅದರ ಮೊದಲ ಗುರಿ ಕೊಂಕಣಿಗರಲ್ಲ. ಯಹೂದಿ ಮೂಲದ ‘ಹೊಸ ಕ್ರೈಸ್ತರು’.

ಇವರು ಯಾರು? 1492ರಲ್ಲಿ ಸ್ಪೇನಿನ ರಾಜದಂಪತಿ ಯಹೂದಿಗಳಿಗೆ ಜ್ಞಾನಸ್ನಾನ ಇಲ್ಲವೇ ದೇಶ ಬಿಡುವುದು, ಎರಡರಲ್ಲೊಂದು ಎಂದರು. ಬಹಳ ಜನ ಪಕ್ಕದ ಪೋರ್ಚುಗಲ್ಲಿಗೆ ಹೋದರು. ಐದು ವರ್ಷದಲ್ಲಿ, 1497ರಲ್ಲಿ, ಅಲ್ಲಿಯ ದೊರೆ ಮನುಯೆಲ್ ಅವರಿಗೆ ಹೊರಗೆ ಹೋಗುವ ಬಾಗಿಲನ್ನೂ ಮುಚ್ಚಿದ. ಮೊದಲು ಮಕ್ಕಳನ್ನು ಕಿತ್ತುಕೊಂಡು ಜ್ಞಾನಸ್ನಾನ ಮಾಡಿಸಿದರು, ಆಮೇಲೆ ದೊಡ್ಡವರಿಗೆ. ಕೆಲವೇ ತಿಂಗಳಲ್ಲಿ ಇಡೀ ಯಹೂದಿ ಸಮುದಾಯ ಕಾಗದದ ಮೇಲೆ ಕ್ರೈಸ್ತವಾಯಿತು. ಅದರಿಂದಲೂ ನೆಮ್ಮದಿ ಸಿಗಲಿಲ್ಲ. 1506ರ ಈಸ್ಟರ್ ಹೊತ್ತಿಗೆ ಲಿಸ್ಬನ್ನಿನ ಬೀದಿಗಳಲ್ಲಿ ಜನ ಮುಗಿಬಿದ್ದು ಅವರಲ್ಲಿ ಎರಡು ಸಾವಿರ ಮಂದಿಯನ್ನಾದರೂ ಕೊಂದರು. 1536ರಲ್ಲಿ ಪೋರ್ಚುಗಲ್ಲಿನಲ್ಲಿ ಧರ್ಮವಿಚಾರಣೆ ಶುರುವಾಯಿತು. ತಪ್ಪಿಸಿಕೊಂಡವರು ಹಡಗು ಹತ್ತಿ ದೂರದ ವಸಾಹತುಗಳಿಗೆ ಹೋದರು. ಗೋವಾ ಅವುಗಳಲ್ಲೊಂದು.

ಈ ಹೊಸ ಕ್ರೈಸ್ತರಲ್ಲೊಬ್ಬ, ವಿಚಾರಣೆ ಶುರುವಾಗುವ ಮೊದಲೇ 1534ರಲ್ಲಿ ಗೋವಾಕ್ಕೆ ಬಂದ ವೈದ್ಯ ಗಾರ್ಸಿಯಾ ದ ಓರ್ಟಾ. ನಮ್ಮ ನಾಡಿನ ಏಲಕ್ಕಿ, ಶುಂಠಿ, ಬೇವು, ಮಾವು, ವೀಳ್ಯದೆಲೆಗಳ ಗುಣವನ್ನು ವೈದ್ಯರನ್ನೂ ವರ್ತಕರನ್ನೂ ಕೇಳಿ ತಿಳಿದು ಅವನು ಬರೆದ ಸಂವಾದಗ್ರಂಥ 1563ರಲ್ಲಿ ಗೋವಾದಲ್ಲೇ ಅಚ್ಚಾಯಿತು. ಭಾರತದ ಮೂಲಿಕೆಗಳ ಬಗ್ಗೆ ಯುರೋಪು ಕಲಿತದ್ದರಲ್ಲಿ ದೊಡ್ಡ ಪಾಲು ಆ ಪುಸ್ತಕದಿಂದ. ವೈಸರಾಯ್‌ಗಳಿಗೂ ಅಹಮದ್‌ನಗರದ ನಿಜಾಮಶಾಹಿ ಸುಲ್ತಾನನಿಗೂ ಅವನು ಮದ್ದು ಕೊಟ್ಟವನು. 1568ರಲ್ಲಿ ತನ್ನ ಹಾಸಿಗೆಯಲ್ಲೇ ಸತ್ತ. ಮರುವರ್ಷ ತಂಗಿ ಕತರಿನಾಳನ್ನು ಗುಟ್ಟಾಗಿ ಯಹೂದಿ ಆಚಾರ ನಡೆಸಿದ ಆರೋಪದ ಮೇಲೆ ಸುಟ್ಟರು. ವಿಚಾರಣೆಯಲ್ಲಿ ಅಣ್ಣನ ಹೆಸರೂ ಬಂತು. 1580ರ ಡಿಸೆಂಬರಿನಲ್ಲಿ ಗಾರ್ಸಿಯಾನ ಗೋರಿ ಅಗೆದು ಮೂಳೆಗಳನ್ನು ತೆಗೆದು ಸುಟ್ಟರು. ಸತ್ತು ಹನ್ನೆರಡು ವರ್ಷವಾದ ಒಬ್ಬ ವೈದ್ಯನ ಮೂಳೆಗಳ ಮೇಲೂ ಸಿಟ್ಟು ತೀರಿಸಿಕೊಳ್ಳುವಷ್ಟು ಭಯ ಒಂದು ಸಾಮ್ರಾಜ್ಯಕ್ಕೆ ಯಾಕಿತ್ತು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಗುಟ್ಟಿನ ಯಹೂದಿಯನ್ನು ಹಿಡಿಯುವುದು ಹೇಗೆ? ಅವನು ಇಗರ್ಜಿಗೆ ಬರುತ್ತಾನೆ, ಶಿಲುಬೆಯ ಗುರುತು ಹಾಕುತ್ತಾನೆ, ಹೆಸರೂ ಪೋರ್ಚುಗೀಸ್ ಹೆಸರು. ಹಾಗಾಗಿ ವಿಚಾರಣೆ ಅಡುಗೆಮನೆಗೆ ಹೋಯಿತು. ಗುರುತುಗಳ ಪಟ್ಟಿಯನ್ನು ಇಗರ್ಜಿಗಳಲ್ಲಿ ಓದಿ ಹೇಳುತ್ತಿದ್ದರು: ಶುಕ್ರವಾರ ಸಂಜೆ ಯಾರ ಮನೆಯಲ್ಲಿ ದೀಪ ಬೇಗ ಹತ್ತುತ್ತದೆ, ಶನಿವಾರ ಯಾರು ಮಡಿಬಟ್ಟೆ ಉಡುತ್ತಾರೆ, ಯಾರ ಒಲೆಯ ಮೇಲೆ ಹಂದಿಮಾಂಸ ಬೇಯುವುದಿಲ್ಲ. ಇಂಥದ್ದು ಕಂಡವರು ಬಂದು ಹೇಳಬೇಕು. ಕೆಲಸದಾಳು ಯಜಮಾನನ ಮೇಲೆ, ನೆರೆಯವಳು ನೆರೆಯವಳ ಮೇಲೆ, ಕೊನೆಗೆ ಮಗ ತಾಯಿಯ ಮೇಲೆ ಹೇಳಿದರು. ದೀಪ ಹಚ್ಚುವುದು ನಮ್ಮಲ್ಲಿ ಹೆಣ್ಣುಮಕ್ಕಳು ಸೆರಗು ಹೊದ್ದು ಮಾಡುವ ಶಾಂತವಾದ ಕೆಲಸ. ಅದು ಒಂದು ಹೆಂಗಸನ್ನು ಬೆಂಕಿಗೆ ಒಯ್ಯುವ ಸಾಕ್ಷಿಯಾಗಬಲ್ಲದು ಎಂಬುದನ್ನು ಅರಗಿಸಿಕೊಳ್ಳಲು ನನಗೆ ಇವತ್ತಿಗೂ ಆಗಿಲ್ಲ.

ಈ ಕಣ್ಣು ಯಹೂದಿಯ ಅಡುಗೆಮನೆಗೇ ನಿಲ್ಲಲಿಲ್ಲ. ಹೊಸ ಕ್ರೈಸ್ತರು ತೀರುತ್ತ ಬಂದಂತೆ ಅದು ಕೊಂಕಣಿ ಕ್ರೈಸ್ತರ ಮನೆಗಳತ್ತ ತಿರುಗಿತು. 1736ರ ಆಜ್ಞೆಯ ಪಟ್ಟಿ ನೋಡಿದರೆ ನಮಗೆ ಗುರುತು ಹತ್ತದ್ದು ಒಂದೂ ಇಲ್ಲ: ಅಂಗಳದಲ್ಲಿ ತುಳಸಿ ಇಡಬಾರದು, ಮದುವೆಯಲ್ಲಿ ಅರಿಸಿನ ಹಚ್ಚಬಾರದು, ವೀಳ್ಯ ಹಂಚಬಾರದು, ಧೋತರ ಉಡಬಾರದು, ಉಪ್ಪು ಹಾಕದೆ ಅನ್ನ ಬೇಯಿಸಬಾರದು. ಅನ್ನಕ್ಕೆ ಉಪ್ಪು ಹಾಕದಿರುವುದೂ ಒಂದು ಅಪರಾಧ. ಯಹೂದಿಯನ್ನು ಹಿಡಿಯಲು ಕಟ್ಟಿದ ಯಂತ್ರ ಎರಡು ಶತಮಾನದಲ್ಲಿ ಕೊಂಕಣಿ ಹೆಂಗಸಿನ ಅನ್ನದ ಮಡಕೆಗೆ ಬಂದು ನಿಂತಿತು. 1812ರಲ್ಲಿ ಮುಚ್ಚುವ ಹೊತ್ತಿಗೆ ಅದು ಹದಿನಾರು ಸಾವಿರಕ್ಕೂ ಹೆಚ್ಚು ಜನರನ್ನು ವಿಚಾರಿಸಿತ್ತು. ಹೀಗೆ ಮನೆ ಬಿಟ್ಟವರ ಮಕ್ಕಳು ಮೊಮ್ಮಕ್ಕಳೇ 1784ರಲ್ಲಿ ಶ್ರೀರಂಗಪಟ್ಟಣದ ದಾರಿ ಹಿಡಿದವರು. ಒಂದು ದಬ್ಬಾಳಿಕೆಯಿಂದ ತಪ್ಪಿಸಿಕೊಂಡವರ ಮೇಲೆ ಇನ್ನೊಂದು ಬಂದು ಬಿತ್ತು.

ಇದೆಲ್ಲ ಎಲ್ಲಿಂದ ಬಂತು? ಯೇಸು ಯಹೂದಿ, ಮರಿಯಮ್ಮ ಯಹೂದಿ, ಹನ್ನೆರಡು ಶಿಷ್ಯರೂ ಯಹೂದಿಗಳು. ಒಂದೇ ಮನೆಯ ಜಗಳ ಇದು, ದಾಯಾದಿ ಜಗಳದ ಕಹಿಯೇ ಇದಕ್ಕಿದೆ. ರೋಮನ್ ಸಾಮ್ರಾಜ್ಯ ಕ್ರೈಸ್ತವಾದ ಮೇಲೆ ಯೇಸುವನ್ನು ಕೊಂದವರು ಯಹೂದಿಗಳು ಎಂಬ ಆರೋಪ ಇಡೀ ಕುಲದ ಮೇಲೆ, ಹುಟ್ಟದ ಮಕ್ಕಳ ಮೇಲೂ ಕೂತಿತು. ಶಿಲುಬೆಗೇರಿಸಿದ್ದು ರೋಮನ್ ಅಧಿಕಾರಿ ಎಂಬುದು ಹಿಂದೆ ಸರಿಯಿತು. 1215ರಲ್ಲಿ ರೋಮಿನ ಲ್ಯಾಟೆರನ್ ಧರ್ಮಸಭೆ ಯಹೂದಿಗಳು ಬೇರೆ ಉಡುಪು ತೊಡಬೇಕೆಂದಿತು. 1555ರಲ್ಲಿ ನಾಲ್ಕನೇ ಪೌಲ್ ಪೋಪ್ ರೋಮಿನ ಯಹೂದಿಗಳನ್ನು ಗೋಡೆಯೊಳಗಿನ ಕೇರಿಗೆ ಅಟ್ಟಿದರು. ಆ ಕಟ್ಟು ಪೂರ್ತಿ ಸಡಿಲಿದ್ದು 1870ರಲ್ಲಿ, ಪೋಪರ ರಾಜ್ಯವೇ ಮುಗಿದ ಮೇಲೆ. ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಯಹೂದಿಗಳನ್ನು ಬಲವಂತದಿಂದ ಮತಾಂತರಿಸಬಾರದು, ಅವರ ಗೋರಿ ಕೆಡಿಸಬಾರದು ಎಂದು ಹನ್ನೆರಡನೇ ಶತಮಾನದಿಂದ ಹಲವು ಪೋಪರು ಆಜ್ಞೆ ಹೊರಡಿಸಿದ್ದರು. ಮಕ್ಕಳ ರಕ್ತ ಬಳಸುತ್ತಾರೆ ಎಂಬ ಸುಳ್ಳನ್ನು 1247ರಲ್ಲಿ ನಾಲ್ಕನೇ ಇನ್ನೊಸೆಂಟ್ ಖಂಡಿಸಿದ್ದರು. ಕಾಗದದಲ್ಲಿ ರಕ್ಷಣೆ ಇತ್ತು, ಬೀದಿಯಲ್ಲಿ ಇರಲಿಲ್ಲ.

ಈ ಇಡೀ ಚರಿತ್ರೆಯ ಗಂಟು ನನ್ನ ಮಟ್ಟಿಗೆ ಇರುವುದು 633ರಲ್ಲಿ ಸ್ಪೇನಿನ ಟೊಲೆಡೊದಲ್ಲಿ ಸೇರಿದ ಒಂದು ಧರ್ಮಸಭೆಯ ನಿರ್ಣಯದಲ್ಲಿ. ಯಹೂದಿಗಳನ್ನು ಬಲವಂತದಿಂದ ಕ್ರೈಸ್ತರನ್ನಾಗಿ ಮಾಡಕೂಡದು ಎಂದಿತು ಅದು. ಜೊತೆಗೇ, ಈಗಾಗಲೇ ಹಾಗೆ ಆದವರು ಕ್ರೈಸ್ತರಾಗಿಯೇ ಇರಬೇಕು ಎಂದಿತು. ಅಂದರೆ ಒಳಗೆ ತಳ್ಳುವುದು ತಪ್ಪು, ಒಳಗೆ ತಳ್ಳಿಸಿಕೊಂಡವನು ಹೊರಗೆ ಬಂದರೆ ಅದು ಇನ್ನೂ ದೊಡ್ಡ ತಪ್ಪು. ಲಿಸ್ಬನ್ನಿನ ಯಹೂದಿ, ಗೋವಾದ ಕತರಿನಾ ಸತ್ತದ್ದು ಈ ಕಟ್ಟಳೆಯಿಂದ. ಹಿರಿಯರ ಧರ್ಮದ ಆಚಾರವನ್ನು ಮನೆಯೊಳಗೆ ಹಿಡಿದುಕೊಂಡರೆ ಅದಕ್ಕೆ ದ್ರೋಹ ಎಂದು ಹೆಸರು. 1858ರಲ್ಲಿಯೂ, ಪೋಪರ ಆಳ್ವಿಕೆಯಲ್ಲಿದ್ದ ಬೊಲೊನ್ಯದಲ್ಲಿ, ಎಡ್ಗಾರ್ಡೊ ಮೊರ್ಟಾರಾ ಎಂಬ ಆರು ವರ್ಷದ ಯಹೂದಿ ಹುಡುಗನನ್ನು ಅಪ್ಪ ಅಮ್ಮನ ಕೈಯಿಂದ ಬಿಡಿಸಿ ಒಯ್ದರು. ಕೂಸಾಗಿದ್ದಾಗ ಕಾಯಿಲೆ ಬಿದ್ದಿದ್ದ ಅವನಿಗೆ ಮನೆಗೆಲಸದ ಹುಡುಗಿ ಗುಟ್ಟಾಗಿ ಜ್ಞಾನಸ್ನಾನದ ನೀರು ಚಿಮುಕಿಸಿದ್ದಳು ಎಂಬುದೇ ಕಾರಣ. ಅವನು ಮರಳಿ ಮನೆ ಸೇರಲಿಲ್ಲ, ಪಾದ್ರಿಯಾದ.

ಈಗ ಶ್ರೀರಂಗಪಟ್ಟಣಕ್ಕೆ ಬನ್ನಿ. 1799. ಕೋಟೆ ಬಿದ್ದಿದೆ. ಹದಿನೈದು ವರ್ಷ ಬೇರೆ ಹೆಸರಿನಲ್ಲಿ, ಬೇರೆ ಪ್ರಾರ್ಥನೆಯಲ್ಲಿ, ಮೈಮೇಲೆ ಸುನ್ನತಿಯ ಗುರುತು ಹೊತ್ತು ಬದುಕಿದ ಸಾವಿರಾರು ಜನ ಹೊರಗೆ ಬಂದಿದ್ದಾರೆ. ಅವರ ಬಳಿಗೆ ಬಂದವರು ಅಬ್ಬೆ ದುಬುವಾ. ಕ್ರಾಂತಿಯ ಫ್ರಾನ್ಸ್ ಬಿಟ್ಟು 1792ರಲ್ಲಿ ಭಾರತಕ್ಕೆ ಹೊರಟ ತರುಣ ಪಾದ್ರಿ; ನಾಡಿನ ಉಡುಪು ತೊಟ್ಟು, ನಾಡಿನ ಊಟ ಉಂಡು, ‘ದೊಡ್ಡ ಸ್ವಾಮಿಯವರು’ ಎನಿಸಿಕೊಂಡವರು. 1800ರಲ್ಲಿ ಅವರು ಕಟ್ಟಿಸಿದ ಇಗರ್ಜಿ ಇಲ್ಲಿ ಇನ್ನೂ ಇದೆ. ಮರಳಿ ಬಂದವರನ್ನು ಅವರು ಧರ್ಮಭ್ರಷ್ಟರೆಂದು ತಳ್ಳಲಿಲ್ಲ. ಬಲವಂತಕ್ಕೆ ಮಣಿದವರು, ಮನಸ್ಸಿನಲ್ಲಿ ನಮ್ಮವರೇ ಎಂದು ಒಳಗೆ ಕರೆದುಕೊಂಡರು. ನೆಲೆಯಿಲ್ಲದ ಕ್ರೈಸ್ತರಿಗೆ ಬೇಸಾಯದ ಊರುಗಳನ್ನು ಮಾಡಿಕೊಟ್ಟರು. ಹಾಸನದ ಕಡೆಯ ಸಾತಳ್ಳಿ ಅವುಗಳಲ್ಲಿ ಹೆಸರಾದದ್ದು. ಸಿಡುಬಿಗೆ ದಾಕು ಹಾಕಿಸಲು ಹಳ್ಳಿ ಹಳ್ಳಿ ತಿರುಗಿದರು. 1823ರಲ್ಲಿ ಪ್ಯಾರಿಸ್ಸಿಗೆ ಮರಳಿದ ಅವರು 1848ರಲ್ಲಿ ತೀರಿಕೊಂಡರು. ಹಿಂದೂಗಳ ಆಚಾರ ವಿಚಾರಗಳ ಬಗ್ಗೆ ಬರೆದ ದಪ್ಪ ಪುಸ್ತಕದಿಂದ ಅವರಿಗೆ ಹೆಸರು ಬಂತು. ಅದರಲ್ಲಿ ನಾನು ಒಪ್ಪದ ಮಾತುಗಳು ಬಹಳ ಇವೆ. ಆದರೆ 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಮಾಡಿದ ಕೆಲಸ ಆ ಪುಸ್ತಕಕ್ಕಿಂತ ದೊಡ್ಡದು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಹೆದರಿಸಿ ಧರ್ಮ ಬದಲಿಸಿದರು, ಅವಕಾಶ ಸಿಕ್ಕಾಗ ಜನ ಹಳೆಯ ಧರ್ಮಕ್ಕೆ ಮರಳಿದರು. ಲಿಸ್ಬನ್, ಗೋವಾಗಳಲ್ಲಿ ಯಹೂದಿ ಹೀಗೆ ಮಾಡಿದರೆ ಬೆಂಕಿ. ಶ್ರೀರಂಗಪಟ್ಟಣದಲ್ಲಿ ಕ್ಯಾಥೋಲಿಕ ಹೀಗೆ ಮಾಡಿದರೆ ಅಪ್ಪುಗೆ. ಯಹೂದಿಯ ಮೈಮೇಲಿನ ಸುನ್ನತಿ ವಿಚಾರಣೆಯಲ್ಲಿ ಅವನ ವಿರುದ್ಧದ ಸಾಕ್ಷಿ. ಇಲ್ಲಿ ಅದೇ ಗುರುತು ಅನ್ಯಾಯ ಅನುಭವಿಸಿದ್ದಕ್ಕೆ ಸಾಕ್ಷಿ. ಒಂದೇ ಸಭೆ, ಒಂದೇ ಸುವಾರ್ತೆ. 1799ರಲ್ಲಿ ಗೋವಾದ ವಿಚಾರಣಾ ಮಂಡಳಿಗೆ ಇನ್ನೂ ಬೀಗ ಬಿದ್ದಿರಲಿಲ್ಲ ಎಂಬುದನ್ನೂ ಮರೆಯಬಾರದು. ಶ್ರೀರಂಗಪಟ್ಟಣದ ಉತ್ತರವೇ ಸರಿ. ಅದು ಸರಿಯಾದರೆ ಟೊಲೆಡೊದ ಕಟ್ಟಳೆ ಮೊದಲ ದಿನದಿಂದಲೇ ತಪ್ಪು. ಸೆರೆಯ ನೆನಪನ್ನು ಎದೆಯಲ್ಲಿಟ್ಟುಕೊಂಡಿರುವ ಸಮುದಾಯಕ್ಕೆ ಇದನ್ನು ಹೇಳುವ ಹಕ್ಕು ಬೇರೆ ಯಾರಿಗಿಂತಲೂ ಹೆಚ್ಚಾಗಿದೆ.

ಕ್ರಾಂತಿಯ ಫ್ರಾನ್ಸ್ ಎಂದೆ. ಪಾಂಡವಪುರದವರಿಗೆ ಅದು ದೂರದ ಮಾತಲ್ಲ. ಊರಿಗೆ ಆ ಹೆಸರು ಬರುವ ಮೊದಲು ಅದು ಹಿರೋಡೆ, ಇಂಗ್ಲಿಷರ ಬಾಯಲ್ಲಿ ಫ್ರೆಂಚ್ ರಾಕ್ಸ್. ಹೈದರ್ ಮತ್ತು ಟಿಪ್ಪುವಿನ ಫ್ರೆಂಚ್ ಸೈನಿಕರು ಬೀಡು ಬಿಟ್ಟ ಬಂಡೆಗಳ ಊರು. ಅವರ ದೇಶದ ಶಾಸನಸಭೆ 1791ರ ಸೆಪ್ಟೆಂಬರಿನಲ್ಲಿ ಯಹೂದಿಗಳನ್ನು ಪೂರ್ತಿ ಪ್ರಜೆಗಳೆಂದು ಸಾರಿತು. ಪಶ್ಚಿಮ ಯುರೋಪಿನಲ್ಲಿ ಅದು ದೊಡ್ಡ ತಿರುವು. 1797ರಲ್ಲಿ ಶ್ರೀರಂಗಪಟ್ಟಣದ ಫ್ರೆಂಚರು ‘ಸ್ವಾತಂತ್ರ್ಯದ ಮರ’ ನೆಟ್ಟರು ಎಂದು ಕೋಟೆ ಬಿದ್ದ ಮೇಲೆ ಇಂಗ್ಲಿಷರು ಪ್ರಕಟಿಸಿದ ಕಾಗದಗಳು ಹೇಳುತ್ತವೆ. ಅದೇ ಹೊತ್ತಿನಲ್ಲಿ ಕ್ಯಾಥೋಲಿಕ್ ಬಂದಿಗಳೂ ಇಲ್ಲಿದ್ದರು.

ಭಾರತದ ನೆಲದಲ್ಲಿ ಯಹೂದಿಗೆ ಕಿರುಕುಳ ಕೊಟ್ಟ ಹೆಸರು ಮುಖ್ಯವಾಗಿ ಪೋರ್ಚುಗೀಸರದು. ಅವರ ಕಾಟದಿಂದ ಬಂದವರಿಗೆ ಕೊಚ್ಚಿಯ ಅರಸ ತನ್ನ ಅರಮನೆಯ ಗೋಡೆಯ ಪಕ್ಕದಲ್ಲೇ ಜಾಗ ಕೊಟ್ಟ. ಪರದೇಸಿ ಸಿನಗಾಗ್ 1568ರಲ್ಲಿ ಅಲ್ಲಿ ಎದ್ದಿತು. ಡಚ್ಚರಿಗೆ ಸಹಾಯ ಮಾಡಿದರೆಂದು 1662ರಲ್ಲಿ ಪೋರ್ಚುಗೀಸರು ಅದನ್ನು ಕೆಡಿಸಿದರು. ಮರುವರ್ಷ ಡಚ್ಚರು ಕೊಚ್ಚಿ ಹಿಡಿದ ಮೇಲೆ ಅದು ಮತ್ತೆ ನೆಟ್ಟಗಾಯಿತು. ಅದಕ್ಕೂ ಮೊದಲು, ಗೋವಾದ ಹೆಸರನ್ನು ಪೋರ್ಚುಗಲ್ ಕೇಳುವುದಕ್ಕೂ ಎಷ್ಟೋ ಮುಂಚೆ, ನಮ್ಮ ಮಂಗಳೂರಿನಲ್ಲೇ ಒಬ್ಬ ಯಹೂದಿ ವರ್ತಕ ಸಂಸಾರ ಹೂಡಿದ್ದ. ಟ್ಯುನಿಷಿಯಾದ ಅಬ್ರಹಾಂ ಬೆನ್ ಯಿಜು. 1132ರಿಂದ ಸುಮಾರು ಹದಿನೇಳು ವರ್ಷ ಈ ಕರಾವಳಿಯಲ್ಲಿದ್ದು, ಆಶು ಎಂಬ ಇಲ್ಲಿಯ ಹೆಣ್ಣನ್ನು ಮದುವೆಯಾಗಿ, ಬೊಮ್ಮ ಎಂಬ ತುಳುವನನ್ನು ನೆಚ್ಚಿನ ಕಾರಭಾರಿಯಾಗಿ ಮಾಡಿಕೊಂಡಿದ್ದ. ಅಡೆನ್ನಿನ ಗೆಳೆಯರು ಹಡಗಿನಲ್ಲಿ ಹಳೆಯ ತಾಮ್ರ ಹಿತ್ತಾಳೆ ಕಳಿಸುವರು, ಇವನ ಕುಲುಮೆಯಲ್ಲಿ ಅದು ಹೊಸ ಪಾತ್ರೆ, ದೀಪವಾಗಿ ಮರಳುವುದು. ನಾಗಮಂಗಲದ ಎರಕದ ಮನೆಗಳಲ್ಲಿ ಹಳೆಯ ಬಿಂದಿಗೆ ಕರಗಿ ಹೊಸ ದೀಪವಾಗುವುದನ್ನು ಕಂಡವರಿಗೆ ಆ ವ್ಯಾಪಾರ ಕಣ್ಣಿಗೆ ಕಟ್ಟುತ್ತದೆ. ಕೈರೋದ ಒಂದು ಸಿನಗಾಗಿನ ಹಳೆಯ ಕಾಗದದ ರಾಶಿಯಲ್ಲಿ ಉಳಿದ ಅವನ ಪತ್ರಗಳಿಂದ ಇದೆಲ್ಲ ತಿಳಿಯಿತು. ಅಮಿತಾವ್ ಘೋಷ್ 1992ರ ತಮ್ಮ ಪುಸ್ತಕದಲ್ಲಿ ಅವನನ್ನೂ ಬೊಮ್ಮನನ್ನೂ ಹುಡುಕಿಕೊಂಡು ಮಂಗಳೂರಿಗೆ ಬಂದದ್ದನ್ನು ಬರೆದಿದ್ದಾರೆ. ಆ 12ನೇ ಶತಮಾನದ ಯುರೋಪಿನಲ್ಲಿ ಯಹೂದಿಗಳು ಶಿಲುಬೆಯುದ್ಧಕ್ಕೆ ಹೊರಟ ದಂಡುಗಳ ಕತ್ತಿಗೆ ಸಿಗುತ್ತಿದ್ದರು.

ರೋಮಿನ ಮನಸ್ಸು ತಿರುಗಲು ಇಪ್ಪತ್ತನೇ ಶತಮಾನದ ಮಹಾಪಾತಕ ಬೇಕಾಯಿತು. ಹಿಟ್ಲರನ ಆಳುಗಳು ಅರುವತ್ತು ಲಕ್ಷ ಯಹೂದಿಗಳನ್ನು ಕೊಂದರು. 1943ರ ಅಕ್ಟೋಬರ್ 16ರಂದು ರೋಮಿನಲ್ಲೇ, ವ್ಯಾಟಿಕನ್ನಿಗೆ ಕೂಗಳತೆಯಲ್ಲಿ, ಹಿಡಿದು ಸಾಗಿಸಿದ ಸಾವಿರಕ್ಕೂ ಹೆಚ್ಚು ಜನರಲ್ಲಿ ಮರಳಿದವರು 16 ಮಂದಿ. ಕನ್ಯಾಮಠಗಳೂ ಮನೆಗಳೂ ಸಾವಿರಾರು ಯಹೂದಿಗಳನ್ನು ಬಚ್ಚಿಟ್ಟು ಉಳಿಸಿದವು. ಹನ್ನೆರಡನೇ ಪಯಸ್ ಪೋಪರು ಬಹಿರಂಗವಾಗಿ ಗಟ್ಟಿಯಾಗಿ ಮಾತಾಡಲಿಲ್ಲ. ಆ ಕಾಲದ ಕಡತಗಳು ವಿದ್ವಾಂಸರಿಗೆ ತೆರೆದದ್ದು 2020ರಲ್ಲಿ. ನಾಜಿಗಳ ಜನಾಂಗದ್ವೇಷ ಕ್ರೈಸ್ತ ಬೋಧನೆಯಲ್ಲ. ಆದರೆ ಸಾವಿರ ವರ್ಷ ಗುಡಿಯೊಳಗೆ ಕಲಿಸಿದ ತಿರಸ್ಕಾರ ಆ ಬೀಜಕ್ಕೆ ಹದವಾದ ನೆಲವಾಗಿತ್ತು. ಹೆಂಡತಿ ಮಗಳನ್ನು ನಾಜಿಗಳಿಗೆ ಕಳೆದುಕೊಂಡ ಫ್ರೆಂಚ್ ಚರಿತ್ರಕಾರ ಜೂಲ್ ಇಸಾಕ್ 1960ರ ಜೂನ್ 13ರಂದು ಇಪ್ಪತ್ಮೂರನೇ ಯೋವಾನ್ನ ಪೋಪರನ್ನು ಕಂಡು ಆ ಬೋಧನೆ ನಿಲ್ಲಬೇಕೆಂದು ಕೇಳಿದರು. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯಹೂದಿಗಳಿಗೆ ಅಂಟಿಸಿದ್ದ ‘ನಂಬಿಕೆಗೇಡಿ’ ಎಂಬರ್ಥದ ಪದವನ್ನು ಪೋಪರು ಹಿಂದಿನ ವರ್ಷವೇ ತೆಗೆಸಿದ್ದರು. 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಧರ್ಮಸಭೆ 88ಕ್ಕೆ ಎದುರಾಗಿ 2,221 ಮತಗಳಿಂದ ಹೇಳಿತು: ಯೇಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯಹೂದಿಗಳ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದು. ಅದೇ ಸಭೆ, ಅದೇ ವರ್ಷದ ಡಿಸೆಂಬರಿನಲ್ಲಿ, ಧರ್ಮದ ವಿಷಯದಲ್ಲಿ ಯಾರನ್ನೂ ಬಲವಂತ ಮಾಡಕೂಡದು ಎಂಬ ಇನ್ನೊಂದು ಘೋಷಣೆಯನ್ನೂ ಹೊರಡಿಸಿತು. ಟೊಲೆಡೊದ ಗಂಟು ಬಿಚ್ಚಲು 1,332 ವರ್ಷ ಹಿಡಿಯಿತು. 1986ರಲ್ಲಿ ಎರಡನೇ ಜಾನ್ ಪೌಲ್ ಪೋಪರು ರೋಮಿನ ಸಿನಗಾಗಿಗೆ ಹೋದರು. 2000ದಲ್ಲಿ ಜೆರುಸಲೇಮಿನ ಪಶ್ಚಿಮ ಗೋಡೆಯ ಕಲ್ಲುಗಳ ನಡುವೆ ಕ್ಷಮೆಯ ಚೀಟಿ ಇಟ್ಟು ಬಂದರು.

ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟರೆ, ನಗರ ದಾಟುವ ಮೊದಲು ಮೈಸೂರು ರಸ್ತೆಯ ಪಕ್ಕದಲ್ಲೇ ಯಹೂದಿಗಳ ಸ್ಮಶಾನವಿದೆ. ಅಲ್ಲಿಂದ ಮುಂದೆ ಅದೇ ಹೆದ್ದಾರಿ ಅಬ್ಬೆ ದುಬುವಾ ಇಗರ್ಜಿಯ ಊರಿಗೆ ತಂದು ಬಿಡುತ್ತದೆ. ಬಂದೀಖಾನೆ ನೋಡಿದ ಮೇಲೆ ಮಕ್ಕಳನ್ನು ಆ ಇಗರ್ಜಿಗೂ ಕರೆದುಕೊಂಡು ಹೋಗಿ. ಬೇಲಿಯ ಜೊತೆಗೆ ದಿವೇಕರನ ಹೆಸರನ್ನೂ ಹೇಳಿ, ಘಟ್ಟ ಹತ್ತಿ ಬಂದ ಹೆಸರಿಲ್ಲದ ತಾಯಂದಿರ ವಿಷಯವನ್ನೂ ಹೇಳಿ.

ಸೆರೆಯಿಂದ ಉಳಿದು ಮರಳಿದವರ ಸಂತತಿ ಇವತ್ತು ದಕ್ಷಿಣ ಕನ್ನಡ, ಉಡುಪಿಯ ಊರೂರಿನಲ್ಲಿದೆ. ಆ ಮನೆಗಳ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಈಗ ಇಸ್ರೇಲಿಗೆ ಹೋಗಿ ಅಲ್ಲಿಯ ವಯಸ್ಸಾದವರ ಆರೈಕೆ ಮಾಡುತ್ತಿದ್ದಾರೆ. ಮೀಯಿಸುತ್ತಾರೆ, ಉಣಿಸುತ್ತಾರೆ, ಮದ್ದು ಕೊಡುತ್ತಾರೆ, ರಾತ್ರಿ ಎದ್ದು ಹೊದಿಕೆ ಸರಿಮಾಡುತ್ತಾರೆ. ಶುಕ್ರವಾರ ಸಂಜೆ ಹೊತ್ತು ಮುಳುಗುವ ಮೊದಲು ಯಹೂದಿ ಅಜ್ಜಿ ನಡುಗುವ ಕೈಯಲ್ಲಿ ದೀಪ ಹಚ್ಚುವಾಗ, ಬೀಳದ ಹಾಗೆ ಅವಳ ಮೊಣಕೈ ಹಿಡಿದು ನಿಂತಿರುವವಳು ನಮ್ಮ ಕರಾವಳಿಯ ಕೊಂಕಣಿ ಕ್ಯಾಥೋಲಿಕ್ ಹೆಣ್ಣುಮಗಳು.